ಪ್ರಶ್ನೋತ್ತರ: ಕೈ ಬದಲಾದ ರಿವಾಲ್ವರಿಗೆ ಬೆಲೆ ಕಟ್ಟುವುದು

ಹಳೆಯ ರಿವಾಲ್ವರ್ ಕೊಳ್ಳುವವರು, ಮಾರುವವರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಪರವಾನಗಿ, ವರ್ಗಾವಣೆಯ ಕಾಗದಪತ್ರ ಎಲ್ಲವೂ ನಿಮ್ಮಲ್ಲಿನ ಕಾನೂನಿನ ಪ್ರಕಾರ ಸರಿ ಇವೆ ಎಂದುಕೊಂಡೇ ಉತ್ತರಿಸಿದ್ದೇವೆ. ಕಾಗದ ಸರಿ ಇಲ್ಲದ ಆಯುಧಕ್ಕೆ ಬೆಲೆಯ ಮಾತೇ ಬರುವುದಿಲ್ಲ.

ಪ್ರಶ್ನೆ: ಒಂದು .357 ಮ್ಯಾಗ್ನಮ್ ಡಬಲ್ ಆಕ್ಷನ್ (ಟ್ರಿಗರ್ ಒತ್ತಿದರೇ ಹ್ಯಾಮರ್ ಹಿಂದೆ ಹೋಗಿ ಬೀಳುವ) ರಿವಾಲ್ವರ್ ಮಾರಾಟಕ್ಕಿದೆ. ‘ಹಾರಿಸಿದ್ದೇ ಕಡಿಮೆ’ ಎನ್ನುತ್ತಾರೆ. ಹಾರಿಸಿ ನೋಡುವ ಅವಕಾಶವಿಲ್ಲ. ಬರೀ ಕೈಯಲ್ಲಿ ಹಿಡಿದು ಏನೇನು ಪರೀಕ್ಷಿಸಬಹುದು?

ಉತ್ತರ: ಬಹುತೇಕ ಎಲ್ಲವನ್ನೂ. ಒಂದು ಸಣ್ಣ ಟಾರ್ಚು, ಫೀಲರ್ ಗೇಜು (ಸಂದು ಅಳೆಯುವ ತೆಳು ಪಟ್ಟಿಗಳು), ಭೂತಗನ್ನಡಿ, ಬಿಳಿ ಕಾಗದದ ಚೂರು ಒಯ್ಯಿರಿ. ಮೊದಲು ಸಿಲಿಂಡರ್ ತೆರೆದು ಚೇಂಬರುಗಳೆಲ್ಲ ಖಾಲಿ ಇವೆಯೇ ಎಂದು ಕಣ್ಣಿಂದ ನೋಡಿ, ಬೆರಳಿಟ್ಟು ಮುಟ್ಟಿಯೂ ನೋಡಿ. ಮಾರುವವರೂ ನೋಡಲಿ. ಜೀವಂತ ಗುಂಡು ಆ ಕೋಣೆಯಲ್ಲೇ ಇರಬಾರದು. ಟ್ರಿಗರ್ ಒತ್ತುವ ಮುನ್ನ ಮಾಲೀಕರ ಒಪ್ಪಿಗೆ ಕೇಳಿ. ಕೇಳದೆ ಕಟಕಟ ಒತ್ತುವವರ ಕೈಗೆ ಯಾರೂ ಒಳ್ಳೆಯ ರಿವಾಲ್ವರ್ ಕೊಡುವುದಿಲ್ಲ.

ಮೊದಲು ಟೈಮಿಂಗ್, ಅಂದರೆ ಹ್ಯಾಮರ್ ಎಳೆದಾಗ ಚೇಂಬರ್ ಹೊತ್ತಿಗೆ ಸರಿಯಾಗಿ ಬ್ಯಾರೆಲ್ಲಿನ ನೇರಕ್ಕೆ ಬಂದು ನಿಲ್ಲುವುದು. ಸಿಲಿಂಡರ್ ಮುಚ್ಚಿ, ಅದರ ಮೈಗೆ ಒಂದು ಬೆರಳನ್ನು ಹಗುರವಾಗಿ ತಾಗಿಸಿ ತುಸು ತಡೆ ಕೊಡುತ್ತ, ಹ್ಯಾಮರನ್ನು ತೀರ ನಿಧಾನವಾಗಿ ಹಿಂದಕ್ಕೆಳೆಯಿರಿ. ಫ್ರೇಮಿನ ಕೆಳಗಿರುವ ಸ್ಟಾಪ್ ಸಿಲಿಂಡರಿನ ಕಚ್ಚಿನೊಳಗೆ ‘ಟಿಕ್’ ಎಂದು ಬೀಳಬೇಕು. ಅದು ಬೀಳಬೇಕಾದದ್ದು ಹ್ಯಾಮರ್ ಪೂರ್ತಿ ಹಿಂದೆ ನಿಲ್ಲುವ ಮುಂಚೆ, ತಡವೆಂದರೆ ಅದೇ ಕ್ಷಣಕ್ಕೆ. ಹ್ಯಾಮರ್ ನಿಂತ ಮೇಲೂ ಸಿಲಿಂಡರನ್ನು ಬೆರಳಿಂದ ಚೂರು ತಿರುಗಿಸಿದರೆ ಮಾತ್ರ ಕಚ್ಚು ಹಿಡಿಯುತ್ತದೆ ಎಂದಾದರೆ ಟೈಮಿಂಗ್ ಹಿಂದೆ ಬಿದ್ದಿದೆ. ಹಾಗಿದ್ದಾಗ ಹಾರಿಸಿದರೆ ಗುಂಡು ಬ್ಯಾರೆಲ್ಲಿನ ಹಿಂಬಾಯಿಗೆ ಓರೆಯಾಗಿ ಬಡಿದು ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಪ್ರತಿ ಚೇಂಬರಿಗೂ ಬೇರೆಬೇರೆಯಾಗಿ ಈ ಪರೀಕ್ಷೆ ಆಗಬೇಕು. ಒಂದೇ ಚೇಂಬರಿನಲ್ಲಿ ತಪ್ಪಿದರೆ ಸಿಲಿಂಡರಿನ ಹಿಂಬದಿಯ ನಕ್ಷತ್ರಾಕಾರದ ತುಂಡಿನಲ್ಲಿ ಆ ಒಂದು ಹಲ್ಲು ಸವೆದಿದೆ. ಎಲ್ಲದರಲ್ಲೂ ತಪ್ಪಿದರೆ ಸಿಲಿಂಡರನ್ನು ತಳ್ಳುವ ‘ಹ್ಯಾಂಡ್’ ಸವೆದಿದೆ. ಹಳೆಯ ಸ್ಮಿತ್ ಅಂಡ್ ವೆಸನ್‌ಗಳಲ್ಲಿ ಚೇಂಬರ್ ಖಾಲಿ ಇದ್ದಾಗ ನಕ್ಷತ್ರವೇ ಸ್ವಲ್ಪ ಅಲುಗಾಡುವುದುಂಟು. ಡಮ್ಮಿ ಗುಂಡು ತುಂಬಿ ಇನ್ನೊಮ್ಮೆ ನೋಡದೆ ದೂರಬೇಡಿ.

ಹ್ಯಾಮರ್ ಪೂರ್ತಿ ಹಿಂದಿರುವಾಗಲೇ ಟ್ರಿಗರ್ ಮುಟ್ಟದೆ ಅದರ ಬೆನ್ನನ್ನು ಹೆಬ್ಬೆರಳಿಂದ ಗಟ್ಟಿಯಾಗಿ ಮುಂದಕ್ಕೆ ತಳ್ಳಿ. ಜಾರಿ ಬಿದ್ದರೆ ಹ್ಯಾಮರನ್ನು ಹಿಡಿದಿಡುವ ಒಳಗಿನ ಸಿಯರ್ ಅಂಚು ಸವೆದಿದೆ, ಇಲ್ಲವೇ ಟ್ರಿಗರ್ ಹಗುರ ಮಾಡಲು ಯಾರೋ ಅರ ಹಾಕಿದ್ದಾರೆ. ಇದು ಅಪಾಯದ ದೋಷ, ರಿಪೇರಿಯಾಗುವವರೆಗೆ ಆ ರಿವಾಲ್ವರನ್ನು ಹಾರಿಸಕೂಡದು.

ಆಮೇಲೆ ಟ್ರಿಗರ್ ಒತ್ತಿ ಹಿಡಿದು, ಹ್ಯಾಮರ್ ಕೆಳಗಿರುವಾಗ ಸಿಲಿಂಡರನ್ನು ಎಡಬಲಕ್ಕೆ ಅಲ್ಲಾಡಿಸಿ. ಸ್ಮಿತ್ ಅಂಡ್ ವೆಸನ್, ರೂಗರ್‌ಗಳಲ್ಲಿ ಕೂದಲೆಳೆಯಷ್ಟು ಆಟ ಇರುವುದು ಸಹಜ. 1955ರಿಂದ ಬಂದ ಹಳೆಯ ಕೋಲ್ಟ್ ಪೈಥಾನ್‌ನಂಥದ್ದರಲ್ಲಿ ಮಾತ್ರ ಟ್ರಿಗರ್ ಒತ್ತಿದಾಗ ಸಿಲಿಂಡರ್ ಕಲ್ಲಿನಂತೆ ನಿಲ್ಲಬೇಕು. ಅದರ ವಿನ್ಯಾಸವೇ ಹಾಗೆ. ಸ್ಮಿತ್‌ನಲ್ಲಿ ಪರವಾಗಿಲ್ಲ ಎನ್ನುವ ಅಲುಗಾಟ ಹಳೆಯ ಪೈಥಾನ್‌ನಲ್ಲಿ ಕಂಡರೆ ರಿಪೇರಿ ಬಾಕಿ ಇದೆ ಎಂದೇ ಲೆಕ್ಕ.

ಈಗ ಫೀಲರ್ ಗೇಜು. ಸಿಲಿಂಡರಿನ ಮುಖಕ್ಕೂ ಬ್ಯಾರೆಲ್ಲಿನ ಹಿಂತುದಿಗೂ ನಡುವಿನ ಸಂದು 0.004ರಿಂದ 0.010 ಇಂಚು, ಅಂದರೆ 0.10ರಿಂದ 0.25 ಮಿ.ಮೀ. ಒಳಗಿದ್ದರೆ ಸರಿ. 0.006 ಇದ್ದರೆ ಬಹಳ ಚೆಂದ. 0.003ಕ್ಕಿಂತ ಕಡಿಮೆ ಇದ್ದರೆ ಮಸಿ ಕೂತು, ಕಾದು, ಸಿಲಿಂಡರ್ ಸಿಕ್ಕಿಕೊಳ್ಳಬಹುದು. 0.012 ದಾಟಿದರೆ ಬಿಸಿ ಅನಿಲವೂ ಮಸಿಯೂ ಪಕ್ಕಕ್ಕೆ ಉಗುಳುತ್ತವೆ, ಗುಂಡಿನ ವೇಗವೂ ಇಳಿಯುತ್ತದೆ. ಈ ಅಳತೆಯನ್ನು ಎರಡು ಸಲ ಮಾಡಿ: ಸಿಲಿಂಡರನ್ನು ಹಿಂದಕ್ಕೆ ತಳ್ಳಿ ಹಿಡಿದು ಒಮ್ಮೆ, ಮುಂದಕ್ಕೆ ತಳ್ಳಿ ಹಿಡಿದು ಇನ್ನೊಮ್ಮೆ. ಇವೆರಡರ ವ್ಯತ್ಯಾಸವೇ ‘ಎಂಡ್ ಶೇಕ್’, ಸಿಲಿಂಡರಿನ ಹಿಂದುಮುಂದಿನ ಓಡಾಟ. 0.001, 0.002 ಇಂಚು ಇದ್ದರೆ ಚಿಂತೆಯಿಲ್ಲ. 0.004 ಆಯಿತೆಂದರೆ ರಿಪೇರಿಯ ಹೊತ್ತು.

ಇಲ್ಲಿ ಬೆಲೆಗೆ ಸಂಬಂಧಿಸಿದ ಒಂದು ಲೆಕ್ಕವಿದೆ, ಬಹಳ ಮಂದಿ ಅದನ್ನು ಮಾಡುವುದೇ ಇಲ್ಲ. ಹಿಂದಕ್ಕೆ ತಳ್ಳಿದಾಗ 0.009, ಮುಂದಕ್ಕೆ ತಳ್ಳಿದಾಗ 0.004 ಸಿಕ್ಕಿತು ಎನ್ನಿ. ಓಡಾಟ 0.005. ಸ್ಮಿತ್‌ನಂಥ ರಿವಾಲ್ವರಿನಲ್ಲಿ ಸಿಲಿಂಡರನ್ನು ಹೊತ್ತು ಪಕ್ಕಕ್ಕೆ ತೆರೆಯುವ ತೋಳಾದ ಕ್ರೇನಿನ ಕೊಳವೆಯ ತುದಿಗೆ 0.002 ಇಂಚು ದಪ್ಪದ ಎರಡು ತೆಳು ವಾಷರ್ ಹಾಕಿದರೆ ಅದು ನಿಲ್ಲುತ್ತದೆ, ಖರ್ಚು ಅಲ್ಪ. ಆದರೆ ವಾಷರ್ ಸಿಲಿಂಡರನ್ನು ಹಿಂದಕ್ಕೇ ಕೂರಿಸುವುದರಿಂದ ರಿಪೇರಿಯ ನಂತರ ಉಳಿಯುವ ಸಂದು ದೊಡ್ಡ ಅಂಕಿಯ ಹತ್ತಿರದ್ದು, ಅಂದರೆ 0.009ರ ಆಸುಪಾಸು. ಅದು ಮಿತಿಯೊಳಗೇ ಇದೆ, ಕೊಳ್ಳಬಹುದು. ಅದೇ ಅಳತೆ 0.013 ಮತ್ತು 0.008 ಆಗಿದ್ದರೆ? ಓಡಾಟ ಅಷ್ಟೇ, ವಾಷರೂ ಅಷ್ಟೇ. ಆದರೆ ಸಂದು 0.013ರ ಹತ್ತಿರ ನಿಲ್ಲುತ್ತದೆ. ಅದನ್ನು ಸರಿಪಡಿಸಲು ಬ್ಯಾರೆಲ್ ಬಿಚ್ಚಿ, ಭುಜ ಕಡೆದು, ಒಂದು ಸುತ್ತು ಒಳಕ್ಕೆ ಕೂರಿಸಿ, ಹಿಂಬಾಯಿಯನ್ನು ಮತ್ತೆ ಕಡೆಯಬೇಕು. ಆ ಕೂಲಿಯನ್ನು ಕೇಳಿದ ಬೆಲೆಯಿಂದ ಕಳೆದೇ ಮಾತಾಡಬೇಕು.

ಸಿಲಿಂಡರ್ ತೆರೆದು ಬ್ಯಾರೆಲ್ಲಿನ ಹಿಂಬಾಯಿಯನ್ನು, ಅಂದರೆ ಫೋರ್ಸಿಂಗ್ ಕೋನನ್ನು, ಟಾರ್ಚು ಮತ್ತು ಭೂತಗನ್ನಡಿ ಹಿಡಿದು ನೋಡಿ. ನಿಮ್ಮದು .357 ಆದ್ದರಿಂದ ಇದು ಮುಖ್ಯ. ಸ್ಮಿತ್ ಅಂಡ್ ವೆಸನ್‌ನ ಮಧ್ಯಮ ಗಾತ್ರದ ಕೆ ಫ್ರೇಮಿನ ಮಾಡೆಲ್ 19ರಂಥವುಗಳಲ್ಲಿ ಕ್ರೇನ್ ಮುಚ್ಚಲು ಜಾಗ ಬೇಕೆಂದು ಈ ಬಾಯಿಯ ಕೆಳಭಾಗವನ್ನು ಚಪ್ಪಟೆಯಾಗಿ ಕತ್ತರಿಸಿರುತ್ತಾರೆ. ಅಲ್ಲಿ ಉಕ್ಕು ತೆಳುವಾಗುತ್ತದೆ. 125 ಗ್ರೇನಿನ ಹಗುರ, ಅತಿವೇಗದ ಮ್ಯಾಗ್ನಮ್ ಗುಂಡುಗಳನ್ನೇ ಹಾರಿಸುತ್ತ ಬಂದರೆ ಗಡಿಯಾರದ ಆರು ಗಂಟೆಯ ಜಾಗದಲ್ಲಿ ಕೂದಲಿನಂಥ ಬಿರುಕು ಬೀಳುತ್ತದೆ. ಸೀಸ, ಮಸಿ ಅದನ್ನು ಮುಚ್ಚಿರಬಹುದು, ಒರೆಸಿ ನೋಡಿ. ಬಿರುಕಿದ್ದರೆ ಬ್ಯಾರೆಲ್ ಬದಲಿಸದೆ ಗತ್ಯಂತರವಿಲ್ಲ, ಹಳೆಯ ಮಾದರಿಗೆ ಬ್ಯಾರೆಲ್ ಸಿಗುವುದೂ ಕಷ್ಟ. ಅಂಥದ್ದಕ್ಕೆ ಬಿಡಿಭಾಗಗಳ ಬೆಲೆ ಮಾತ್ರ ಕೊಡಬಹುದು. ಅಲ್ಯೂಮಿನಿಯಂ ಫ್ರೇಮಿನ ಸಣ್ಣ ರಿವಾಲ್ವರುಗಳಲ್ಲಾದರೆ ಬ್ಯಾರೆಲ್ ತಿರುಚಿ ಕೂರುವ ಜಾಗದ ಕೆಳಗೆ, ಫ್ರೇಮಿನಲ್ಲೇ ಬಿರುಕನ್ನು ಹುಡುಕಿ.

ಸಿಲಿಂಡರಿನ ಮೇಲೆ ಹಾಯುವ ಫ್ರೇಮಿನ ಪಟ್ಟಿಯಲ್ಲಿ, ಸಂದಿನ ನೇರಕ್ಕೆ, ಅನಿಲ ಕೊರೆದ ಸಣ್ಣ ಗೆರೆ ಕಂಡರೆ ಗಾಬರಿ ಬೇಡ. ಮ್ಯಾಗ್ನಮ್‌ಗಳಲ್ಲಿ ಅದು ಸ್ವಲ್ಪ ಆಳಕ್ಕೆ ಹೋಗಿ ತಾನೇ ನಿಲ್ಲುತ್ತದೆ. ಆದರೆ ಆ ಗೆರೆ ಇದ್ದೂ ‘ಹಾರಿಸಿದ್ದೇ ಕಡಿಮೆ’ ಎಂದರೆ ಮಾತು ನಂಬುವಂಥದ್ದಲ್ಲ. ನಳಿಗೆಯೊಳಗೆ ಹಿಂದಿನಿಂದ ಬಿಳಿ ಕಾಗದ ಹಿಡಿದು ಮುಂದಿನಿಂದ ನೋಡಿ. ಗುಂಡನ್ನು ತಿರುಗಿಸಲು ಕೊರೆದ ಸುರುಳಿ ಗೀರುಗಳ ಅಂಚು ಚೂಪಾಗಿರಬೇಕು. ಅಡ್ಡಕ್ಕೆ ಉಂಗುರದಂಥ ಕಪ್ಪು ನೆರಳು ಕಂಡರೆ ಹಿಂದೊಮ್ಮೆ ಸಿಕ್ಕಿಬಿದ್ದ ಗುಂಡಿನ ಹಿಂದೆ ಇನ್ನೊಂದು ಹಾರಿಸಿ ನಳಿಗೆ ಉಬ್ಬಿದೆ. ಹೊರಮೈ ಮೇಲೆ ಬೆರಳು ಓಡಿಸಿದರೆ ಕೆಲವೊಮ್ಮೆ ಉಬ್ಬು ಕೈಗೇ ಸಿಗುತ್ತದೆ.

ಕೊನೆಗೆ ಸಿಲಿಂಡರನ್ನು ತೆರೆದಿಟ್ಟು ತಿರುಗಿಸಿ, ಹಾರಿದ ಗುಂಡಿನ ಹಿತ್ತಾಳೆ ಕೋಶಗಳನ್ನು ಹೊರತಳ್ಳುವ ಎಜೆಕ್ಟರ್ ಸರಳಿನ ತುದಿಯನ್ನು ಗಮನಿಸಿ. ತುದಿ ಕುಣಿದರೆ ಸರಳು ಬಾಗಿದೆ. ಮುಚ್ಚಿದಾಗ ಕ್ರೇನ್ ಮತ್ತು ಫ್ರೇಮ್ ನಡುವೆ ಬೆಳಕು ಕಾಣುವಂಥ ಸಂದಿದ್ದರೆ, ಸಿನಿಮಾದವರಂತೆ ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚಿದವರು ಯಾರೋ ಇದ್ದಾರೆ. ಹಾಗೆ ಮಾಡಿದರೆ ಕ್ರೇನ್ ಬಾಗುತ್ತದೆ.

ಪ್ರಶ್ನೆ: ಒಂದೇ ಮಾದರಿಯ ಎರಡು ನೋಡಿದೆ. ಒಂದರ ಬಣ್ಣ ಅಂಚುಗಳಲ್ಲಿ ಹೋಗಿದೆ. ಇನ್ನೊಂದು ಕನ್ನಡಿಯಂತೆ ಹೊಳೆಯುತ್ತಿದೆ, ಆದರೂ ಅದರ ಬೆಲೆ ಕಡಿಮೆ. ಯಾಕೆ?

ಉತ್ತರ: ಹೊಳೆಯುವುದಕ್ಕೆ ಮತ್ತೆ ಬ್ಲೂಯಿಂಗ್ (ಉಕ್ಕಿಗೆ ರಾಸಾಯನಿಕದಿಂದ ನೀಲಿ-ಕಪ್ಪು ಬಣ್ಣ ತರಿಸುವ ಕೆಲಸ) ಮಾಡಿಸಿರಬೇಕು. ಸಂಗ್ರಹಕಾರರು ಹಣ ಕೊಡುವುದು ಕಾರ್ಖಾನೆಯ ಮೂಲ ಬಣ್ಣ ಎಷ್ಟು ಉಳಿದಿದೆ ಎಂಬುದಕ್ಕೆ. ಶೇಕಡ 95 ಮೂಲ ಬಣ್ಣ, ಶೇಕಡ 80 ಮೂಲ ಬಣ್ಣ ಎಂದು ಅವರು ಅಳೆಯುವುದು ಅದನ್ನೇ. ಬಣ್ಣ ಒಮ್ಮೆ ಕಿತ್ತುಹಾಕಿದರೆ ಮೂಲ ಬಣ್ಣದ ಲೆಕ್ಕ ಸೊನ್ನೆ, ಮೇಲೆ ಬಳಿದದ್ದು ಎಷ್ಟೇ ಚೆಂದವಿರಲಿ.

ಮತ್ತೆ ಬಣ್ಣ ಮಾಡಿದ್ದನ್ನು ಹಿಡಿಯುವುದು ಕಷ್ಟವಲ್ಲ. ಬಣ್ಣಕ್ಕಿಂತ ಮುಂಚೆ ಬಫಿಂಗ್ ಚಕ್ರಕ್ಕೆ ಹಿಡಿಯುತ್ತಾರೆ, ಆ ಚಕ್ರ ಗುರುತು ಬಿಟ್ಟೇ ಹೋಗುತ್ತದೆ. ಬ್ಯಾರೆಲ್ ಮೇಲಿನ ಅಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ: ಮೂಲದಲ್ಲಿ ಅಂಚು ಚೂಪು, ಬಫ್ ಮಾಡಿದ್ದರಲ್ಲಿ ಅಕ್ಷರ ತೇಲಿಹೋಗಿ ಒಂದು ಬದಿ ಮಸುಕು. ಸ್ಕ್ರೂ ಕೂರುವ ರಂಧ್ರದ ಸುತ್ತ ಸಣ್ಣ ತಟ್ಟೆಯಂತೆ ತಗ್ಗಾಗಿರುತ್ತದೆ. ಫ್ರೇಮಿನ ಚಪ್ಪಟೆ ಮೈ ಮತ್ತು ದುಂಡು ಮೈ ಸೇರುವ ಗೆರೆ ಕರಗಿರುತ್ತದೆ. ಒಳಗಿನ ಯಂತ್ರವನ್ನು ಮುಚ್ಚುವ ಪಕ್ಕದ ತಟ್ಟೆಯ ಜೋಡಣೆ ಗೆರೆ ಒಳ್ಳೆಯ ರಿವಾಲ್ವರಿನಲ್ಲಿ ಕಂಡೂ ಕಾಣದಂತಿರಬೇಕು. ಬಫ್ ಆದದ್ದರಲ್ಲಿ ಅಂಚು ದುಂಡಾಗಿ ಅದು ಎದ್ದು ಕಾಣುತ್ತದೆ. ಕಪ್ಪು ಬಣ್ಣದ ಕೆಳಗೆ ತುಕ್ಕಿನ ಗುಳಿಗಳು ಕಂಡರಂತೂ ಅನುಮಾನವೇ ಬೇಡ. ಹಳೆಯ ಸ್ಮಿತ್‌ಗಳ ಹ್ಯಾಮರ್, ಟ್ರಿಗರ್‌ಗಳಿಗೆ ಕಾರ್ಖಾನೆಯಲ್ಲಿ ಬ್ಲೂಯಿಂಗ್ ಇರುತ್ತಿರಲಿಲ್ಲ, ಕಂದು-ನೀಲಿ ಮೋಡಗಳಂಥ ಕೇಸ್ ಹಾರ್ಡನಿಂಗ್ (ಉಕ್ಕಿನ ಮೈ ಗಟ್ಟಿ ಮಾಡುವಾಗ ಬರುವ) ಬಣ್ಣ ಇರುತ್ತಿತ್ತು. ಅವೂ ಕಪ್ಪಾಗಿದ್ದರೆ, ಅಥವಾ ನಿಕ್ಕಲ್ ಮಾಡಿದ ರಿವಾಲ್ವರಿನಲ್ಲಿ ಅವಕ್ಕೂ ನಿಕ್ಕಲ್ ಹತ್ತಿದ್ದರೆ, ಕೆಲಸ ಹೊರಗಿನದು.

ಕಾರ್ಖಾನೆಗೇ ಕಳಿಸಿ ಬಣ್ಣ ಮಾಡಿಸಿದವೂ ಇವೆ. ಹಿಡಿಯ ಬುಡದಲ್ಲಿ ಸರಣಿ ಸಂಖ್ಯೆಯ ಹತ್ತಿರ ಸಣ್ಣ ನಕ್ಷತ್ರದ ಗುರುತು, ಹಿಡಿಯ ಹಲಗೆಯಡಿ ದಿನಾಂಕದ ಒತ್ತು ಹಳೆಯ ಸ್ಮಿತ್‌ಗಳಲ್ಲಿ ಅದನ್ನು ಹೇಳುತ್ತವೆ. ಇದಕ್ಕೆ ಹೊರಗಿನ ಕೆಲಸಕ್ಕಿಂತ ಬೆಲೆ ಹೆಚ್ಚು, ಮೂಲ ಬಣ್ಣಕ್ಕಿಂತ ಕಡಿಮೆ.

ನೀವು ಹೇಳಿದ ಅಂಚಿನ ಸವೆತ ಬಹುಶಃ ಚರ್ಮದ ಹೋಲ್‌ಸ್ಟರಿನದು, ಒಳಗಿನ ಯಂತ್ರಕ್ಕೆ ಅದರ ಸಂಬಂಧವಿಲ್ಲ. ವರ್ಷಗಟ್ಟಲೆ ಸೊಂಟದಲ್ಲಿ ತೂಗಾಡಿ ಅಪರೂಪಕ್ಕೆ ಹಾರಿಸಿದ ಪೊಲೀಸ್ ರಿವಾಲ್ವರುಗಳು ಹೊರಗೆ ಬಡವಾಗಿ, ಒಳಗೆ ಹೊಸದರಂತಿರುತ್ತವೆ. ಬಳಸಲೆಂದು ಕೊಳ್ಳುವವರಿಗೆ ಅವುಗಳಷ್ಟು ಒಳ್ಳೆಯ ವ್ಯಾಪಾರ ಮತ್ತೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಸಿಲಿಂಡರಿನ ಸುತ್ತ ಒಂದು ತೆಳು ಗೆರೆ ಇದ್ದರೆ ಅದನ್ನು ದೋಷವೆನ್ನಬೇಡಿ, ತಿರುಗುವ ಸಿಲಿಂಡರಿಗೆ ಸ್ಟಾಪ್ ಉಜ್ಜಿದ ಗುರುತು ಅದು.

ಸ್ಟೇನ್‌ಲೆಸ್ ರಿವಾಲ್ವರಿಗೆ ಈ ಲೆಕ್ಕ ಅಷ್ಟು ಕಟ್ಟುನಿಟ್ಟಲ್ಲ. ಸ್ಮಿತ್ ಅಂಡ್ ವೆಸನ್ 1965ರಲ್ಲಿ ಮಾಡೆಲ್ 60 ಅನ್ನು ತಂದಾಗಿನಿಂದ ಅಂಥವು ಬಹಳ ಬಂದಿವೆ. ಗೀರು ತೆಗೆಯುವುದು ಸುಲಭ, ಬೆಲೆಗೆ ಪೆಟ್ಟೂ ಕಡಿಮೆ. ಆದರೆ ಕಾರ್ಖಾನೆ ಮಂಕಾಗಿ ಬಿಟ್ಟದ್ದನ್ನು ಬೆಳ್ಳಿ ಲೋಟದ ಹಾಗೆ ಮಿರುಗಿಸಿದ್ದರೆ ಸಂಗ್ರಹಕಾರರು ಮುಖ ತಿರುಗಿಸುತ್ತಾರೆ.

ಪ್ರಶ್ನೆ: ಹಿಡಿಯ ಬುಡದಲ್ಲಿ ಒಂದು ಸಂಖ್ಯೆ, ಕ್ರೇನ್ ತೆರೆದಾಗ ಒಳಗೆ ಬೇರೆ ಸಂಖ್ಯೆ. ಎರಡು ರಿವಾಲ್ವರ್ ಸೇರಿಸಿ ಒಂದು ಮಾಡಿದ್ದಾರೆಯೇ?

ಉತ್ತರ: ಸ್ಮಿತ್ ಅಂಡ್ ವೆಸನ್ ಆದರೆ ಗಾಬರಿಯಾಗಬೇಡಿ. ಕ್ರೇನಿನ ಒಳಗಿನ ಸಣ್ಣ ಅಂಕಿಗಳು ತಯಾರಿಕೆಯ ವೇಳೆ ಭಾಗಗಳು ಕಲೆಸಿಹೋಗದಿರಲಿ ಎಂದು ಒತ್ತಿದ ಜೋಡಣೆ ಸಂಖ್ಯೆ. ಸರಣಿ ಸಂಖ್ಯೆ ಹಳೆಯವುಗಳಲ್ಲಿ ಹಿಡಿಯ ಬುಡದಲ್ಲಿರುವುದು. ಪರವಾನಗಿಯ ಕಾಗದದಲ್ಲಿ ಜೋಡಣೆ ಸಂಖ್ಯೆ ಬರೆದುಬಿಟ್ಟು ಆಮೇಲೆ ಪರದಾಡಿದವರಿದ್ದಾರೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ರಿವಾಲ್ವರುಗಳಲ್ಲಿ ಸರಣಿ ಸಂಖ್ಯೆ ಸಿಲಿಂಡರಿನ ಹಿಂಮುಖದಲ್ಲಿ, ಬ್ಯಾರೆಲ್ಲಿನ ತಳಭಾಗದಲ್ಲಿ, ಬಲಗಡೆ ಮರದ ಹಿಡಿಯ ಒಳಮೈಯಲ್ಲೂ ಸಿಗುತ್ತದೆ. ಎಲ್ಲ ಒಂದೇ ಆಗಿದ್ದರೆ ಬೆಲೆ ಏರುತ್ತದೆ.

ಅದೇ ಕ್ರೇನಿನ ಜಾಗದಲ್ಲಿ 1957ರ ನಂತರದವುಗಳಿಗೆ ಮಾಡೆಲ್ ಸಂಖ್ಯೆಯೂ ಇರುತ್ತದೆ. 19-3 ಎಂದಿದ್ದರೆ ಮಾಡೆಲ್ 19, ಮೂರನೆಯ ತಾಂತ್ರಿಕ ಬದಲಾವಣೆ. ಅಡ್ಡಗೆರೆಯ ನಂತರದ ಅಂಕಿ ಬೆಲೆಯನ್ನು ಗಣನೀಯವಾಗಿ ಬದಲಿಸಬಲ್ಲದು. ಬ್ಯಾರೆಲ್ಲಿಗೆ ಅಡ್ಡ ಪಿನ್ ಇರುವ ಮಾದರಿಗಳನ್ನು 1980ರ ದಶಕದ ಆರಂಭದಲ್ಲಿ ನಿಲ್ಲಿಸಿದರು, ಹುಡುಕುವವರು ಅವನ್ನೇ ಹುಡುಕುತ್ತಾರೆ.

ಸರಣಿ ಸಂಖ್ಯೆಯ ಜಾಗ ಅರ ಹಾಕಿದಂತೆ, ಮತ್ತೆ ಒತ್ತಿದಂತೆ ಕಂಡರೆ ಮೇಜಿನ ಮೇಲಿಟ್ಟು ಹೊರಟುಬಿಡಿ. ಚೌಕಾಸಿ ಬೇಡ.

ಪ್ರಶ್ನೆ: ವೆಬ್ಲಿ ಮಾರ್ಕ್ 6 ಒಂದು ಸಿಕ್ಕಿದೆ, ‘.45 ಎಸಿಪಿ ಗುಂಡೂ ಹಾಕಬಹುದು, ಅದೇ ಅನುಕೂಲ’ ಎನ್ನುತ್ತಾರೆ. ಬೆಲೆ ಹೆಚ್ಚು ಕೇಳುತ್ತಿದ್ದಾರೆ.

ಉತ್ತರ: ಆ ‘ಅನುಕೂಲ’ಕ್ಕೇ ಬೆಲೆ ಇಳಿಯಬೇಕು. 1915ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾರ್ಕ್ 6ರ ಮೂಲ ಗುಂಡು .455. ಅದು ಸಿಗುವುದು ಕಷ್ಟವಾದಾಗ ಸಿಲಿಂಡರಿನ ಹಿಂಮುಖವನ್ನು ಕಡೆದು, ಮೂನ್ ಕ್ಲಿಪ್ಪಿನಲ್ಲಿ (ಗುಂಡುಗಳನ್ನು ಒಟ್ಟಿಗೆ ಹಿಡಿಯುವ ತೆಳು ತಗಡಿನಲ್ಲಿ) ಪಿಸ್ತೂಲಿನ ಗುಂಡಾದ .45 ಎಸಿಪಿ ಕೂರುವಂತೆ ಮಾಡಿದರು. ಕಡೆದ ಉಕ್ಕು ಮರಳಿ ಬರುವುದಿಲ್ಲ. ಜೊತೆಗೆ ಕಾರ್ಖಾನೆಯ .45 ಎಸಿಪಿ ಗುಂಡಿನ ಒತ್ತಡ .455ರದ್ದಕ್ಕಿಂತ ಬಹಳ ಹೆಚ್ಚು, ನಡುವೆ ಮುರಿದು ತೆರೆಯುವ ಈ ಫ್ರೇಮಿಗೆ ಅದು ಹೊರೆ. ಸಿಲಿಂಡರಿಗೆ ಖಾಲಿ .455 ಕೋಶ ಹಾಕಿ ಮುಚ್ಚಿದಾಗ ಹಿಂದೆ ಅಗಲ ಸಂದು ಉಳಿದರೆ ಕಡೆದಿದ್ದಾರೆ ಎಂದರ್ಥ. ಇದ್ದಂತೆಯೇ ಇರುವ ಮಾರ್ಕ್ 6ರ ಬೆಲೆಯನ್ನು ಇದಕ್ಕೆ ಕೊಡಬೇಡಿ. ಮೇಲಿನ ಚಿಲಕ ಮುಚ್ಚಿ ಬ್ಯಾರೆಲನ್ನು ಮೇಲೆ ಕೆಳಗೆ ಅಲುಗಿಸಿ ಕೀಲಿನ ಸಡಿಲವನ್ನೂ ನೋಡಿ.

ಇದೇ ಜಾತಿಯ ಇನ್ನೊಂದು ಮೋಸ ಯುದ್ಧಕಾಲದ ಸ್ಮಿತ್ ಅಂಡ್ ವೆಸನ್ ವಿಕ್ಟರಿ ಮಾದರಿಯದು. ಬ್ರಿಟಿಷರಿಗೆ ಹೋದವು .38/200ಕ್ಕೆ, ಅಂದರೆ ಗಿಡ್ಡ, ದಪ್ಪ .38 ಎಸ್ ಅಂಡ್ ಡಬ್ಲ್ಯೂ ಕೋಶಕ್ಕೆ ಮಾಡಿದವು. ಆಮೇಲೆ ಚೇಂಬರನ್ನು ಉದ್ದಕ್ಕೆ ಕೊರೆದು .38 ಸ್ಪೆಷಲ್ ಎಂದು ಮಾರಿದವರುಂಟು. ಸ್ಪೆಷಲ್ ಕೋಶ ತೆಳ್ಳಗೆ, ಚೇಂಬರಿನ ಹಿಂಭಾಗ ದೊಡ್ಡದು, ಹಾರಿಸಿದ ಕೋಶ ಬುಡದಲ್ಲಿ ಉಬ್ಬಿ ಕೆಲವೊಮ್ಮೆ ಸೀಳುತ್ತದೆ. ಖಾಲಿ ಕೋಶಗಳಿದ್ದರೆ ಕೇಳಿ ನೋಡಿ, ಉಬ್ಬು ಕಣ್ಣಿಗೆ ಹೊಡೆಯುತ್ತದೆ. ಎನ್‌ಫೀಲ್ಡ್ ನಂಬರ್ 2 ಮಾರ್ಕ್ 1 ಸ್ಟಾರ್‌ಗೆ ಹ್ಯಾಮರಿನ ಬಾಲ ಇಲ್ಲದಿರುವುದು ಮಾತ್ರ ದೋಷವಲ್ಲ, ಅದನ್ನು ಮಾಡಿದ್ದೇ ಹಾಗೆ.

ಪ್ರಶ್ನೆ: ಮನೆಯ ಹಿರಿಯರದು, ವರ್ಷಗಳಿಂದ ಹೋಲ್‌ಸ್ಟರಿನಲ್ಲೇ ಇದೆ. ಮಾರುವ ಮುಂಚೆ ಬಿಚ್ಚಿ ಪಾಲಿಶ್ ಮಾಡಿಸಲೇ?

ಉತ್ತರ: ಬೇಡ. ಎಣ್ಣೆ ತಾಗಿಸಿದ ಮೆತ್ತನೆ ಬಟ್ಟೆಯಿಂದ ಒರೆಸಿ, ಅಷ್ಟೇ. ಚರ್ಮದ ಹೋಲ್‌ಸ್ಟರಿನಿಂದ ಹೊರಗಿಡಿ, ಚರ್ಮ ತೇವ ಹಿಡಿದಿಟ್ಟು ತುಕ್ಕು ತರಿಸುತ್ತದೆ. ಆದರೆ ಹೋಲ್‌ಸ್ಟರನ್ನು ಎಸೆಯಬೇಡಿ, ಜೊತೆಗೇ ಮಾರಿ. ನಿಕ್ಕಲ್ ಆಗಿದ್ದರೆ ಅಮೋನಿಯಾ ಇರುವ ದ್ರಾವಣ ಮುಟ್ಟಿಸಬೇಡಿ, ಕೆಲವು ನಿಕ್ಕಲ್ ಲೇಪನದ ಕೆಳಗೆ ತಾಮ್ರವಿರುತ್ತದೆ, ಅಮೋನಿಯಾ ಅದನ್ನು ತಿಂದು ಸಿಪ್ಪೆ ಎಬ್ಬಿಸುತ್ತದೆ. ಬಿಚ್ಚುವ ಗೋಜಿಗೇ ಹೋಗಬೇಡಿ. ಮನೆಯ ಸ್ಕ್ರೂಡ್ರೈವರ್ ಸ್ಕ್ರೂ ತಲೆಯ ಸೀಳನ್ನು ಹರಿಯುತ್ತದೆ, ಪಕ್ಕದ ತಟ್ಟೆಯನ್ನು ಮೀಟಿದರೆ ಅದರ ಅಂಚು ಶಾಶ್ವತವಾಗಿ ಬಾಗುತ್ತದೆ. ಹರಿದ ಸ್ಕ್ರೂ ತಲೆ ಕಂಡ ಕೂಡಲೇ ಕೊಳ್ಳುವವರು ಒಳಗೂ ಯಾರೋ ಕೈಯಾಡಿಸಿದ್ದಾರೆ ಎಂದುಕೊಳ್ಳುತ್ತಾರೆ, ಸಾಮಾನ್ಯವಾಗಿ ಅವರ ಊಹೆ ಸರಿಯೇ ಇರುತ್ತದೆ.

ಪ್ರಶ್ನೆ: ರೂಗರ್‌ನ ಹಳೆಯ ಸಿಂಗಲ್ ಆಕ್ಷನ್ (ಪ್ರತಿ ಸಲ ಹ್ಯಾಮರನ್ನು ಕೈಯಿಂದ ಎಳೆಯಬೇಕಾದದ್ದು). ಒಳಗೆ ಟ್ರಾನ್ಸ್‌ಫರ್ ಬಾರ್ (ಟ್ರಿಗರ್ ಒತ್ತಿದಾಗ ಮಾತ್ರ ಹ್ಯಾಮರಿನ ಏಟನ್ನು ಗುಂಡಿನ ಕಡೆಗೆ ದಾಟಿಸುವ ಸುರಕ್ಷತಾ ತುಂಡು) ಹಾಕಿಸಿದ್ದಾರೆ. ಲಾಭವೋ ನಷ್ಟವೋ?

ಉತ್ತರ: ಹಾರಿಸುವವರಿಗೆ ಲಾಭ, ಸಂಗ್ರಹಕ್ಕೆ ನಷ್ಟ. 1973ರಲ್ಲಿ ‘ನ್ಯೂ ಮಾಡೆಲ್’ ಬರುವವರೆಗಿನ ರೂಗರ್‌ಗಳಲ್ಲಿ ಹ್ಯಾಮರ್ ಕೆಳಗೆ ಗುಂಡಿದ್ದರೆ, ನೆಲಕ್ಕೆ ಬಿದ್ದಾಗ ಸಿಡಿಯುವ ಅಪಾಯವಿತ್ತು. ಅದಕ್ಕೇ ಅವುಗಳಲ್ಲಿ ಐದು ತುಂಬಿ, ಖಾಲಿ ಚೇಂಬರಿನ ಮೇಲೆ ಹ್ಯಾಮರ್ ಇಡಬೇಕು. ಕಂಪನಿಯೇ ಬಾರ್ ಹಾಕಿಕೊಟ್ಟು, ತೆಗೆದ ಹಳೆಯ ಭಾಗಗಳನ್ನು ಮರಳಿ ಕೊಡುತ್ತಿತ್ತು. ಆ ಭಾಗಗಳು ಇವೆಯೇ ಎಂದು ಕೇಳಿ. ಇದ್ದರೆ ನಷ್ಟದ ಬಹುಪಾಲು ತುಂಬಿದಂತೆ.

ಪ್ರಶ್ನೆ: ಎಲ್ಲ ನೋಡಿಯಾಯಿತು. ಅಂಕಿ ಕಟ್ಟುವುದು ಹೇಗೆ? ಜಾಹೀರಾತುಗಳಲ್ಲಿ ಒಂದಕ್ಕೊಂದು ತಾಳೆಯಿಲ್ಲ.

ಉತ್ತರ: ಜಾಹೀರಾತಿನಲ್ಲಿರುವುದು ಆಸೆ. ಮಾರಾಟವಾಗಿ ಮುಗಿದ ಬೆಲೆಗಳನ್ನು ಮಾತ್ರ ಹಿಡಿಯಿರಿ, ಅದೂ ಇತ್ತೀಚಿನವು. ಹರಾಜಿನದಾದರೆ ಕೊಂಡವರು ಕೊಟ್ಟ ಕಮಿಷನ್ ಸೇರಿದೆಯೇ ಎಂದು ನೋಡಿ. ಹೋಲಿಕೆ ಪಕ್ಕಾ ಇರಲಿ: ಅದೇ ಮಾಡೆಲ್, ಅಡ್ಡಗೆರೆಯ ನಂತರದ ಅದೇ ಅಂಕಿ, ಅದೇ ಬ್ಯಾರೆಲ್ ಉದ್ದ, ಅದೇ ಬಣ್ಣ. 2005ರಲ್ಲಿ ನಿಂತ ಪೈಥಾನಿನ ಬೆಲೆಯನ್ನು 2020ರಲ್ಲಿ ಮತ್ತೆ ಶುರುವಾದದ್ದಕ್ಕೆ ಹೊಂದಿಸಿದರೆ ಲೆಕ್ಕವೇ ತಪ್ಪು.

ಸಿಕ್ಕ ಬೆಲೆಯಿಂದ ಮೊದಲು ರಿಪೇರಿ ಕೂಲಿ ಕಳೆಯಿರಿ, ಗನ್‌ಸ್ಮಿತ್ ಬಾಯಿಂದ ಕೇಳಿದ ಕೂಲಿ, ನಿಮ್ಮ ಊಹೆಯದಲ್ಲ. ಬಿಡಿಭಾಗ ಸಿಗದ ಮಾದರಿಯಾದರೆ ಇನ್ನೂ ಕಳೆಯಿರಿ. ಆಮೇಲೆ ಬದಲಾವಣೆಗಳು: ಕತ್ತರಿಸಿದ ಬ್ಯಾರೆಲ್, ಗುರಿ ಹಿಡಿಯಲೆಂದು ಕೊರೆದು ಕೂರಿಸಿದ ಸೈಟ್, ಕೆತ್ತಿಸಿದ ಇನಿಷಿಯಲ್ಸ್. ಇವಕ್ಕೆ ಮಾಲೀಕರು ಮಾಡಿದ ಖರ್ಚು ಬೆಲೆಗೆ ಸೇರುವುದಿಲ್ಲ, ಸಾಮಾನ್ಯವಾಗಿ ಬೆಲೆ ಇಳಿಸುತ್ತದೆ. ಮೂಲ ಹಿಡಿ ತೆಗೆದು ರಬ್ಬರ್ ಹಾಕಿದ್ದರೆ ಮರದ ಹಿಡಿ ಎಲ್ಲಿದೆ ಎಂದು ಕೇಳಿ, ಹಳೆಯ ಮಾದರಿಗಳಲ್ಲಿ ಆ ಜೋಡಿಗೇ ಒಳ್ಳೆಯ ಬೆಲೆ. ಪೆಟ್ಟಿಗೆಗೂ ಹೆಚ್ಚು ಕೊಡಬಹುದು, ಆದರೆ ಅದೇ ರಿವಾಲ್ವರಿನದಾಗಿದ್ದರೆ ಮಾತ್ರ. ಹಳೆಯ ಸ್ಮಿತ್ ಪೆಟ್ಟಿಗೆಗಳ ತಳದಲ್ಲಿ ಸರಣಿ ಸಂಖ್ಯೆಯನ್ನು ಕೈಯಲ್ಲಿ ಬರೆದಿರುವುದುಂಟು, ಮಗುಚಿ ನೋಡಿ. ಅಪರೂಪದ್ದು ಎನಿಸಿದರೆ ಕೋಲ್ಟ್, ಸ್ಮಿತ್ ಅಂಡ್ ವೆಸನ್‌ಗಳ ದಾಖಲೆಗಳಿಂದ ಪತ್ರ ತರಿಸಬಹುದು. ಯಾವಾಗ, ಯಾವ ಬಣ್ಣದಲ್ಲಿ ಕಳಿಸಿದ್ದು ಎಂಬುದು ಅದರಲ್ಲಿರುತ್ತದೆ. ನೀಲಿ ಎಂದು ದಾಖಲಾದದ್ದು ನಿಮ್ಮ ಕೈಯಲ್ಲಿ ನಿಕ್ಕಲ್ ಆಗಿದ್ದರೆ ವಾದಕ್ಕೆ ಜಾಗವಿಲ್ಲ.

ಪ್ರಶ್ನೆ: ಟ್ರಿಗರ್ ಬೆಣ್ಣೆಯಂತಿದೆ, ‘ಪರಿಣತರು ಟ್ಯೂನ್ ಮಾಡಿದ್ದು’ ಎಂದು ಹೆಚ್ಚು ಕೇಳುತ್ತಾರೆ. ಕೊಡಬಹುದೇ?

ಉತ್ತರ: ಪಟ್ಟಿ ಸ್ಪ್ರಿಂಗ್ ಇರುವ ಸ್ಮಿತ್ ಆದರೆ ಹಿಡಿಯ ಮುಂಭಾಗದ ಪಟ್ಟಿಯ ಕೆಳಗಡೆ ಒಂದು ಸಣ್ಣ ಸ್ಕ್ರೂ ಇದೆ, ಒಳಗಿನ ಪಟ್ಟಿ ಸ್ಪ್ರಿಂಗನ್ನು ಬಿಗಿ ಹಿಡಿಯುವುದು ಅದೇ. ಅದನ್ನು ಒಂದು ಸುತ್ತು ಸಡಿಲಿಸಿದರೆ ಯಾವ ಪರಿಣತಿಯೂ ಇಲ್ಲದೆ ಟ್ರಿಗರ್ ಹಗುರವಾಗುತ್ತದೆ, ಹ್ಯಾಮರಿನ ಏಟೂ ಸೋಲುತ್ತದೆ, ಆಗೊಮ್ಮೆ ಈಗೊಮ್ಮೆ ಗುಂಡು ಹಾರುವುದಿಲ್ಲ. ಮಾಲೀಕರ ಎದುರೇ ಸರಿಯಾದ ಸ್ಕ್ರೂಡ್ರೈವರಿನಲ್ಲಿ ಅದನ್ನು ಪೂರ್ತಿ ಬಿಗಿ ಮಾಡಿಸಿ, ಇನ್ನೊಮ್ಮೆ ಟ್ರಿಗರ್ ಒತ್ತಿ ನೋಡಿ. ಆಗಲೂ ನುಣುಪಾಗಿದ್ದರೆ, ಹ್ಯಾಮರನ್ನು ಹೆಬ್ಬೆರಳಿಂದ ತಳ್ಳಿದಾಗಲೂ ಬೀಳದಿದ್ದರೆ, ಕೆಲಸ ಒಳ್ಳೆಯದೇ. ಸ್ವಲ್ಪ ಹೆಚ್ಚು ಕೊಡಿ.